ಬೀದಿಯ ಹಿಮ, ಬಾವಿಯ ಉಪ್ಪು

ಹಿಮವನ್ನು ಚಿತ್ರಗಳಲ್ಲಿ ಮಾತ್ರ ಕಂಡವರಿಗೆ ಅದರ ಸೊಬಗೊಂದೇ ಪರಿಚಿತ. ಮರದ ಕೊಂಬೆಗಳ ಮೇಲೆ ಹಿಂಜಿದ ಅರಳೆಯಂತೆ ತಂಗಿರುವ ಹಿಮ, ಮನೆಗಳ ಮಾಡುಗಳನ್ನು ಮುಚ್ಚಿರುವ ಹಿಮ, ಅದನ್ನು ಉಂಡೆ ಕಟ್ಟಿ ಎಸೆದಾಡುವ ಮಕ್ಕಳು; ಇಷ್ಟಕ್ಕೇ ಆ ಚಿತ್ರ ಮುಗಿಯುತ್ತದೆ. ಹಿಮ ಬೀಳುವ ಊರಿನಲ್ಲಿ ಸಂಸಾರ ಹೂಡಿರುವವರಿಗೆ ಚಿತ್ರದ ಆಚೆಗಿನ ಭಾಗವೂ ಗೊತ್ತು. ಬಾಸ್ಟನ್, ಟೊರಾಂಟೊ ಮೊದಲಾದ ನಗರಗಳಲ್ಲಿ ನೆಲಸಿರುವ ಕನ್ನಡಿಗರ ಮನೆಗಳಿಗೂ ಇದು ವರ್ಷವರ್ಷದ ಅನುಭವ. ಮಳೆಯ ನೀರು ಬಿದ್ದೊಡನೆ ತಗ್ಗನ್ನು ಹುಡುಕಿಕೊಂಡು ಹರಿದುಹೋಗುತ್ತದೆ. ಹಿಮ ಹಾಗಲ್ಲ; ಕರೆಯದೆ ಬಂದ ನೆಂಟನಂತೆ ಬಿದ್ದಲ್ಲಿಯೇ ಕುಳಿತುಬಿಡುತ್ತದೆ. ಶಾಲೆಯ ಬಸ್ಸು ಹೊರಡಲಾರದು. ರೋಗಿಯನ್ನು ಹೊತ್ತ ಆಂಬುಲೆನ್ಸು ಆಸ್ಪತ್ರೆಯನ್ನು ಮುಟ್ಟಲಾರದು.

ಆದುದರಿಂದ ಹಿಮವನ್ನು ಗುಡಿಸಲೇಬೇಕು. ಗುಡಿಸಿದ್ದನ್ನು ಎಲ್ಲಿಯಾದರೂ ಹಾಕಲೇಬೇಕು. ಎಲ್ಲಿ ಹಾಕಬೇಕು ಎಂಬ ಈ ಸರಳವಾದ ಪ್ರಶ್ನೆಯೇ ಶೀತದೇಶಗಳ ನಗರಸಭೆಗಳನ್ನು ಬಹುಕಾಲದಿಂದ ಕಾಡುತ್ತಿದೆ. ಏಕೆಂದರೆ ಬೀದಿಯಿಂದ ಎತ್ತಿದ ಹಿಮ ಒಂದಲ್ಲ ಒಂದು ದಿನ ನೀರಾಗುತ್ತದೆ. ಆ ನೀರು ಯಾರದೋ ಕೆರೆಯನ್ನೋ, ಬಾವಿಯನ್ನೋ, ಮನೆಯ ನಲ್ಲಿಯನ್ನೋ ಸೇರುತ್ತದೆ.

ಮಾಂಟ್ರಿಯಲಿನ ಚಳಿಗಾಲ

ಕೆನಡಾ ದೇಶದ ಮಾಂಟ್ರಿಯಲ್ ನಗರವು ಸೇಂಟ್ ಲಾರೆನ್ಸ್ ನದಿಯಲ್ಲಿರುವ ಒಂದು ದ್ವೀಪದ ಮೇಲೆ ಹಬ್ಬಿದೆ. ಒಂದು ಚಳಿಗಾಲದಲ್ಲಿ ಅಲ್ಲಿ ಬೀಳುವ ಹಿಮವನ್ನೆಲ್ಲ ಕೂಡಿಸಿ ಅಳೆದರೆ ಸರಾಸರಿ ಎರಡು ಮೀಟರುಗಳಿಗೂ ಮೀರುತ್ತದೆ. ಎಂದರೆ ಆಳೆತ್ತರಕ್ಕಿಂತಲೂ ಹೆಚ್ಚು. ನಗರದ ರಸ್ತೆ ಮತ್ತು ಕಾಲುದಾರಿಗಳ ಒಟ್ಟು ಉದ್ದ ಸುಮಾರು ೧೦,೦೦೦ ಕಿಲೋಮೀಟರು. ಇವನ್ನು ತೆರವು ಮಾಡಲು ಸುಮಾರು ೩,೦೦೦ ಮಂದಿ ಕೆಲಸಗಾರರೂ ಎರಡು ಸಾವಿರಕ್ಕೆ ಮೇಲ್ಪಟ್ಟ ವಾಹನಗಳೂ ಹಗಲಿರುಳು ದುಡಿಯುತ್ತವೆ. ಇದಕ್ಕಾಗಿ ನಗರ ಮಾಡುವ ವೆಚ್ಚ ವರ್ಷಕ್ಕೆ ಇಪ್ಪತ್ತು ಕೋಟಿ ಡಾಲರುಗಳ ಆಸುಪಾಸಿನಲ್ಲಿದೆ.

ಕೆಲಸದ ಕ್ರಮವೂ ಕುತೂಹಲಕರವಾದುದು. ಮೊದಲು ಮುಂಭಾಗದಲ್ಲಿ ಅಗಲವಾದ ಉಕ್ಕಿನ ಹಲಗೆಯುಳ್ಳ ಹಿಮನೇಗಿಲಿನ ಲಾರಿಗಳು ಬಂದು ಹಿಮವನ್ನು ರಸ್ತೆಯ ಅಂಚಿಗೆ ತಳ್ಳುತ್ತವೆ. ಮಂಜುಗಡ್ಡೆ ಹೆಪ್ಪುಗಟ್ಟದಂತೆ ಉಪ್ಪನ್ನೂ, ಚಕ್ರ ಜಾರದಂತೆ ಹರಳುಗಲ್ಲನ್ನೂ ಎರಚುತ್ತಾರೆ. ಹಿಮಪಾತ ಜೋರಾದಾಗ ಎರಡನೆಯ ಘಟ್ಟ ಆರಂಭವಾಗುತ್ತದೆ. ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸಬಾರದೆಂಬ ಫಲಕಗಳು ಏಳುತ್ತವೆ. ಎಚ್ಚರಿಕೆಯ ಸೈರನ್ ಕೂಗುತ್ತ ಎಳೆಗಾಡಿಗಳು ಬರುತ್ತವೆ. ಸದ್ದು ಕೇಳಿದೊಡನೆ, ಮಲಗಿದ್ದವರೂ ಕೋಟು ಹೊದ್ದು ಕೆಳಗೋಡಿ ಬಂದು ತಮ್ಮ ಕಾರುಗಳನ್ನು ಸರಿಸಿಕೊಳ್ಳಬೇಕು. ಬಳಿಕ ಹಿಮವನ್ನು ಹೀರಿ ಕಮಾನಿನಂತೆ ಚಿಮ್ಮಿಸುವ ಯಂತ್ರವೊಂದು ನಿಧಾನವಾಗಿ ಸಾಗುತ್ತದೆ. ಪಕ್ಕದಲ್ಲಿಯೇ ಹೆಜ್ಜೆಗೆ ಹೆಜ್ಜೆ ಹಾಕುವ ಲಾರಿಗಳು ಒಂದಾದ ಮೇಲೊಂದರಂತೆ ತುಂಬಿಕೊಂಡು ಹೋಗುತ್ತವೆ. ಹೀಗೆ ವರ್ಷದಲ್ಲಿ ಸಾಗಿಸುವ ಹಿಮ ಸುಮಾರು ೧ ಕೋಟಿ ೨೦ ಲಕ್ಷ ಘನಮೀಟರು. ಲಾರಿಗಳ ಲೆಕ್ಕದಲ್ಲಿ ಸುಮಾರು ಮೂರು ಲಕ್ಷ ಹೊರೆ.

ಈ ಮೂರು ಲಕ್ಷ ಲಾರಿಗಳು ಹೋಗುವುದೆಲ್ಲಿಗೆ?

ನದಿಯೇ ತಿಪ್ಪೆಯಾಗಿದ್ದ ಕಾಲ

ಹಿಂದೆ ಇದಕ್ಕೆ ಉತ್ತರ ಸುಲಭವಾಗಿತ್ತು. ಊರಿನ ಪಕ್ಕದಲ್ಲಿ ನದಿಯುಂಟು, ಹಿಮವೆಂದರೆ ನೀರೇ, ನೀರನ್ನು ನೀರಿಗೆ ಸೇರಿಸಿದರೆ ತಪ್ಪೇನು? ೧೮೮೮ರ ಮಾರ್ಚ್ ತಿಂಗಳಿನಲ್ಲಿ ಮಹಾ ಹಿಮಬಿರುಗಾಳಿ ನ್ಯೂಯಾರ್ಕನ್ನು ಹೂತುಹಾಕಿದಾಗ, ಜನರು ಕುದುರೆಗಾಡಿಗಳಲ್ಲಿ ಹಿಮವನ್ನು ತುಂಬಿಕೊಂಡು ಹೋಗಿ ನದಿಯ ಕಟ್ಟೆಗಳಿಂದ ಕೆಳಕ್ಕೆ ಸುರಿದರು. ಮಾಂಟ್ರಿಯಲ್ ಸಹ ಬಹುಕಾಲ ತನ್ನ ಹಿಮದ ಒಂದು ಭಾಗವನ್ನು ಸೇಂಟ್ ಲಾರೆನ್ಸ್ ನದಿಗೇ ಒಪ್ಪಿಸುತ್ತಿತ್ತು. ಶೀತದೇಶಗಳಲ್ಲಿ ನದಿಯೋ ಸರೋವರವೋ ಸಮುದ್ರವೋ ಹತ್ತಿರವಿದ್ದ ಊರುಗಳೆಲ್ಲ ಇದೇ ದಾರಿಯನ್ನು ಹಿಡಿದಿದ್ದುವೆಂದರೆ ತಪ್ಪಾಗದು.

ಕುದುರೆಗಾಡಿಯ ಕಾಲದಲ್ಲಿ ಇದರ ಕೇಡು ಅಷ್ಟಾಗಿ ತೋರಿರಲಿಲ್ಲ. ಮೋಟಾರುಗಳು ಬಂದುವು, ಅವುಗಳ ಹಿಂದೆ ಉಪ್ಪು ಬಂದಿತು. ಆಮೇಲೆ ಬೀದಿಯ ಹಿಮ ಕೇವಲ ನೀರಾಗಿ ಉಳಿಯಲಿಲ್ಲ. ಕ್ವಿಬೆಕ್ ಪ್ರಾಂತದ ಸರ್ಕಾರವು ೧೯೯೭ರಲ್ಲಿ ಹಿಮ ವಿಲೇವಾರಿಯ ತಾಣಗಳ ಬಗ್ಗೆ ನಿಯಮವೊಂದನ್ನು ಜಾರಿಗೆ ತಂದು, ಬೀದಿಯಿಂದ ಎತ್ತಿದ ಹಿಮವನ್ನು ಅನುಮತಿ ಪಡೆದ ತಾಣಗಳಲ್ಲಿಯೇ ಹಾಕಬೇಕೆಂದು ವಿಧಿಸಿತು. ನದಿಗೆ ಸುರಿಯುವ ಪದ್ಧತಿಗೆ ಹೀಗೆ ತೆರೆ ಬಿದ್ದಿತು. ಇದರಲ್ಲಿ ಔದಾರ್ಯಕ್ಕಿಂತ ವಿವೇಕ ಹೆಚ್ಚಾಗಿತ್ತೆನ್ನಬೇಕು. ಮಾಂಟ್ರಿಯಲಿನ ಜನರು ಕುಡಿಯುವ ನೀರೂ ಅದೇ ಸೇಂಟ್ ಲಾರೆನ್ಸ್ ನದಿಯದು. ಹೊಳೆಯ ಕೆಳಗಡೆಯ ಊರುಗಳಿಗೂ ಅದೇ ಗತಿ.

ಬೆಳ್ಳಗಿರುವುದೆಲ್ಲ ಹಾಲಲ್ಲ

ಆಕಾಶದಿಂದ ಇಳಿದ ಹಿಮ ಬಹುಮಟ್ಟಿಗೆ ಶುದ್ಧವೇ. ಆದರೆ ರಸ್ತೆಯ ಅಂಚಿನಲ್ಲಿ ನಾಲ್ಕು ದಿನ ಕಳೆದ ಹಿಮದ ಬಣ್ಣವನ್ನು ನೋಡಿದವರು ಅದನ್ನು ಶುದ್ಧವೆನ್ನಲಾರರು. ಅದರಲ್ಲಿ ಉಪ್ಪಿದೆ, ಮರಳಿದೆ, ಎಂಜಿನ್ನಿನಿಂದ ತೊಟ್ಟಿಕ್ಕಿದ ಎಣ್ಣೆಯಿದೆ, ಹೊಗೆಕೊಳವೆಯ ಮಸಿಯಿದೆ. ಬ್ರೇಕುಗಳು ಸವೆದು ಉದುರಿದ ತಾಮ್ರ, ಟೈರುಗಳಿಂದ ಬಂದ ಸತು, ಎಲ್ಲೆಡೆಯಿಂದ ಕೂಡಿಕೊಂಡ ಸೀಸ ಮೊದಲಾದ ಲೋಹಗಳ ಪುಡಿಯಿದೆ. ಜನ ಎಸೆದ ಕಾಗದ, ಬಾಟಲಿ, ಸಿಗರೇಟಿನ ತುಂಡು, ಪ್ಲಾಸ್ಟಿಕ್ ಚೀಲಗಳಂತೂ ಸರಿಯೇ ಸರಿ. ಒಂದು ಚಳಿಗಾಲದ ಬೀದಿಯ ದಿನಚರಿಯೇ ಆ ರಾಶಿಯಲ್ಲಿ ಹುದುಗಿರುತ್ತದೆ.

ಈ ಪಟ್ಟಿಗೆ ಇತ್ತೀಚೆಗೆ ಇನ್ನೊಂದು ವಸ್ತು ಸೇರಿದೆ. ಟೈರಿನ ರಬ್ಬರು ಬೇಗ ಬಿರುಕು ಬಿಡದಿರಲೆಂದು ಅದಕ್ಕೆ ಒಂದು ರಾಸಾಯನಿಕವನ್ನು ಬೆರೆಸುತ್ತಾರೆ. ಅದು ಗಾಳಿಯ ಓಝೋನಿನೊಡನೆ ಕೂಡಿ ಮಾರ್ಪಟ್ಟಾಗ ಕೋಹೋ ಜಾತಿಯ ಸಾಲ್ಮನ್ ಮೀನುಗಳಿಗೆ ಮಾರಕ ವಿಷವಾಗುತ್ತದೆಂದು ಅಮೆರಿಕದ ವಿಜ್ಞಾನಿಗಳು ೨೦೨೦ರ ಕೊನೆಯಲ್ಲಿ ಪ್ರಕಟಿಸಿದರು. ಮಳೆ ಬಂದಾಗಲೆಲ್ಲ ನಗರದ ತೊರೆಗಳಲ್ಲಿ ಮೀನುಗಳು ಏಕೆ ಸಾಯುತ್ತಿವೆಯೆಂಬ ಬಹುಕಾಲದ ಒಗಟು ಹಾಗೆ ಬಿಡಿಸಿಕೊಂಡಿತು. ಮರುವರ್ಷವೇ ಕೆನಡಾದ ಸಸ್ಕಟೂನ್ ನಗರದಲ್ಲಿ ಹಿಮ ಕರಗಿದ ನೀರನ್ನು ಪರೀಕ್ಷಿಸಿದಾಗ ಅದರಲ್ಲಿಯೂ ಇದೇ ವಸ್ತು ಕಂಡುಬಂದಿತು.

ಹೋಗದ ಅತಿಥಿ

ಇವೆಲ್ಲವುಗಳಲ್ಲಿ ಅತ್ಯಂತ ತೊಡಕಿನದು ಅಡಿಗೆಮನೆಯಲ್ಲಿ ದಿನವೂ ಕೈಗೆ ಸಿಗುವ ಸಾಮಾನ್ಯ ಉಪ್ಪೇ ಎಂದರೆ ಓದುಗರಿಗೆ ಅಚ್ಚರಿಯಾದೀತು. ಶುದ್ಧವಾದ ನೀರು ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ಉಪ್ಪು ಬೆರೆತ ನೀರು ಹೆಪ್ಪುಗಟ್ಟಲು ಇನ್ನೂ ಹೆಚ್ಚಿನ ಚಳಿ ಬೇಕು. ಈ ಗುಣವನ್ನು ರಸ್ತೆಯ ಮೇಲೆ ಪ್ರಯೋಗಿಸಿದವರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನದವರು ಮೊದಲಿಗರು. ೧೯೪೧-೪೨ರ ಚಳಿಗಾಲದಲ್ಲಿ ಅಮೆರಿಕದ ಹೆದ್ದಾರಿಗಳ ಮೇಲೆಲ್ಲ ಬಿದ್ದ ಉಪ್ಪು ಕೇವಲ ೫,೦೦೦ ಟನ್ನು. ಈಗ ಅದು ವರ್ಷಕ್ಕೆ ಸುಮಾರು ಎರಡು ಕೋಟಿ ಟನ್ನುಗಳಷ್ಟಾಗಿದೆ.

ಉಪ್ಪಿನಿಂದಾದ ಉಪಕಾರವನ್ನು ಮರೆಯುವುದು ನ್ಯಾಯವಲ್ಲ. ಅದು ಬಂದ ಮೇಲೆ ಜಾರುವ ರಸ್ತೆಗಳಲ್ಲಿ ಎಷ್ಟೋ ಅಪಘಾತಗಳು ತಪ್ಪಿವೆ, ಎಷ್ಟೋ ಜೀವಗಳು ಉಳಿದಿವೆ. ಆದರೆ ಅದರ ಸ್ವಭಾವವೊಂದಿದೆ. ಎಣ್ಣೆಯನ್ನು ಸೂಕ್ಷ್ಮಜೀವಿಗಳು ಕ್ರಮೇಣ ತಿಂದು ಮುಗಿಸಬಲ್ಲುವು. ಮರಳು ತಳಕ್ಕಿಳಿದು ನಿಲ್ಲುತ್ತದೆ. ಉಪ್ಪಿನ ಕ್ಲೋರೈಡ್ ಅಂಶ ಮಾತ್ರ ನೀರಿನಲ್ಲಿ ಕರಗಿ ನೀರಿನೊಡನೆಯೇ ಚಲಿಸುತ್ತದೆ. ಅದು ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ಮಣ್ಣಿಗೆ ಅಂಟಿಕೊಳ್ಳುವುದಿಲ್ಲ. ಸಾಮಾನ್ಯವಾದ ಕೊಳೆನೀರಿನ ಶುದ್ಧೀಕರಣ ಸ್ಥಾವರಗಳೂ ಅದನ್ನು ಹಿಡಿಯಲಾರವು. ಸಿಹಿನೀರಿನ ಜೀವಿಗಳು ದೀರ್ಘಕಾಲ ತಾಳಬಲ್ಲ ಮಿತಿಯನ್ನು ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆಯು ೧೯೮೮ರಲ್ಲಿ ಲೀಟರಿಗೆ ೨೩೦ ಮಿಲಿಗ್ರಾಂ ಕ್ಲೋರೈಡ್ ಎಂದು ಗೊತ್ತುಮಾಡಿತು. ಆ ಲೆಕ್ಕದಂತೆ ಒಂದು ಕಿಲೋಗ್ರಾಂ ಉಪ್ಪು ಎರಡೂವರೆ ಸಾವಿರ ಲೀಟರಿಗೂ ಹೆಚ್ಚು ನೀರನ್ನು ಆ ಮಿತಿಗೆ ತಂದು ನಿಲ್ಲಿಸಬಲ್ಲುದು. ಕೆನಡಾ ಸರ್ಕಾರವು ಐದು ವರ್ಷಗಳ ಪರಿಶೀಲನೆಯ ಅನಂತರ, ರಸ್ತೆಯ ಉಪ್ಪು ಪರಿಸರಕ್ಕೆ ಹಾನಿಕರವೆಂದು ೨೦೦೧ರಲ್ಲಿ ಸಾರಿತು.

ಉಪ್ಪುನೀರು ಸಿಹಿನೀರಿಗಿಂತ ಭಾರ. ಈ ಸಣ್ಣ ಸಂಗತಿಯಿಂದ ದೊಡ್ಡ ಅನರ್ಥವಾಗುವುದುಂಟು. ಶೀತದೇಶದ ಅನೇಕ ಸರೋವರಗಳ ನೀರು ವಸಂತದಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ ಮೇಲಿನಿಂದ ತಳದವರೆಗೆ ಮಗುಚಿಕೊಳ್ಳುತ್ತದೆ. ಆಗ ಮೇಲಿನ ಆಮ್ಲಜನಕ ತಳವನ್ನು ಮುಟ್ಟುತ್ತದೆ. ಸರೋವರ ಉಸಿರಾಡುವುದು ಹೀಗೆ. ತಳದಲ್ಲಿ ಉಪ್ಪುನೀರಿನ ಭಾರವಾದ ಪದರ ನಿಂತುಬಿಟ್ಟರೆ ಈ ಮಗುಚಾಟ ನಿಲ್ಲುತ್ತದೆ. ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರ್ ನಗರದ ಬಳಿಯಿರುವ ಇರಾಂಡಿಕ್ವಾಯ್ಟ್ ಕೊಲ್ಲಿಯಲ್ಲಿ ೧೯೭೦ರ ವಸಂತದಲ್ಲಿ ನೀರು ಪೂರ್ತಿಯಾಗಿ ಬೆರೆಯಲಿಲ್ಲವೆಂದೂ, ಅದಕ್ಕೆ ಸುತ್ತಣ ರಸ್ತೆಗಳ ಉಪ್ಪೇ ಕಾರಣವೆಂದೂ ವಿಜ್ಞಾನಿಗಳು ತೋರಿಸಿಕೊಟ್ಟರು.

ಮನುಷ್ಯನೂ ಇದರಿಂದ ಹೊರತಲ್ಲ. ಮ್ಯಾಸಚೂಸೆಟ್ಸ್ ಸಂಸ್ಥಾನದ ಕೇಂಬ್ರಿಜ್ ನಗರಕ್ಕೆ ನೀರುಣಿಸುವ ಜಲಾಶಯಗಳು ದಟ್ಟವಾದ ಹೆದ್ದಾರಿಯೊಂದರ ಮಗ್ಗುಲಲ್ಲಿಯೇ ಇವೆ. ಅವುಗಳ ನೀರಿನಲ್ಲಿ ಉಪ್ಪಿನ ಅಂಶ ದಶಕಗಳಿಂದ ಏರುತ್ತ ಬಂದಿದೆ. ರಕ್ತದೊತ್ತಡದ ಕಾರಣದಿಂದ ವೈದ್ಯರು ಉಪ್ಪನ್ನು ಕಟ್ಟುನಿಟ್ಟಾಗಿ ಬಿಡಿಸಿರುವವರ ಕುಡಿಯುವ ನೀರಿನಲ್ಲಿ ಸೋಡಿಯಂ ಲೀಟರಿಗೆ ೨೦ ಮಿಲಿಗ್ರಾಂ ಮೀರಬಾರದೆಂದು ಅಮೆರಿಕದ ಸಲಹೆಯಿದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂದು ನಮ್ಮ ಗಾದೆ. ಇಲ್ಲಿ ಉಪ್ಪು ತಿಂದದ್ದು ರಸ್ತೆ. ನೀರು ಕುಡಿಯಬೇಕಾದವರು ಮಾತ್ರ ಊಟದಲ್ಲಿ ಉಪ್ಪು ಬಿಟ್ಟ ಮುದುಕರೂ ಆಗಿರಬಹುದು.

ರಾಶಿ ಕರಗುವ ರೀತಿ

ನದಿಗೆ ಸುರಿಯಬಾರದೆಂದ ಮೇಲೆ ನೆಲದ ಮೇಲೆಯೇ ಸುರಿಯಬೇಕು. ಎಲ್ಲಿ ಬೇಕಾದರೂ ಸುರಿದರಾಗದು. ಏಕೆಂದರೆ ಹಿಮದ ರಾಶಿ ಕರಗುವುದರಲ್ಲಿಯೂ ಒಂದು ಕ್ರಮವಿದೆ. ಕರಗಿದ ಮೊದಲ ನೀರು ರಾಶಿಯ ಒಳಗೆಲ್ಲ ಜಿನುಗಿ ಇಳಿಯುತ್ತ, ಅಲ್ಲಿದ್ದ ಉಪ್ಪನ್ನು ತೊಳೆದುಕೊಂಡು ಹೊರಡುತ್ತದೆ. ಆದುದರಿಂದ ಉಪ್ಪಿನ ಹೆಚ್ಚಿನ ಪಾಲು ಆರಂಭದ ಕೆಲವು ವಾರಗಳಲ್ಲಿಯೇ ಹೊರಬೀಳುತ್ತದೆ. ಮರಳು, ಲೋಹದ ಪುಡಿ, ಎಣ್ಣೆಯ ಜಿಡ್ಡು ಇವು ಹಿಂದೆಯೇ ಉಳಿದು, ರಾಶಿಯ ಮೈಮೇಲೆ ಕಪ್ಪು ಕಂಬಳಿಯಂತೆ ಕೂತು, ಎಲ್ಲ ಕರಗಿದ ಮೇಲೆ ನೆಲಕ್ಕಿಳಿಯುತ್ತವೆ. ಮೊದಲು ಬರುವವನು ಕಾಣದ ಕಳ್ಳ. ಕೊನೆಗೆ ಉಳಿಯುವವನು ಕಾಣುವ ಕಳ್ಳ. ಇಬ್ಬರನ್ನೂ ಹಿಡಿಯುವ ಉಪಾಯ ಒಂದೇ ಅಲ್ಲ.

ಕಾಣುವ ಕಳ್ಳನನ್ನು ಹಿಡಿಯುವುದು ಸುಲಭ. ತಾಣದ ಸುತ್ತ ಒಡ್ಡು ಕಟ್ಟಿ, ಹೂಳನ್ನು ತಡೆಯುವ ಬಟ್ಟೆಯ ಬೇಲಿ ನಿಲ್ಲಿಸುತ್ತಾರೆ. ನೀರು ನಿಧಾನವಾಗಿ ಹರಿದು ಒಂದು ಕೊಳದಲ್ಲಿ ತಂಗುವಂತೆ ಮಾಡುತ್ತಾರೆ. ಅಲ್ಲಿ ಹೂಳು ಕೆಳಗಿಳಿದು ತಿಳಿನೀರು ಮುಂದೆ ಸಾಗುತ್ತದೆ. ಬೇಸಿಗೆ ಬಂದೊಡನೆ ನೆಲದಲ್ಲಿ ಉಳಿದ ಕಸವನ್ನೂ ಮರಳನ್ನೂ ಬಳಿದು ಸಾಗಿಸುತ್ತಾರೆ. ಅಲಾಸ್ಕಾದ ಆಂಕರೇಜ್ ನಗರದ ಎಂಜಿನಿಯರುಗಳು ಇನ್ನೂ ಒಂದು ಜಾಣತನವನ್ನು ಕಂಡುಹಿಡಿದರು. ಹಿಮ ಹಾಕುವ ನೆಲವನ್ನು ಸಪಾಟಾಗಿ ಬಿಡದೆ, ನಡುವೆ ತಗ್ಗಾಗಿ ಇಬ್ಬದಿ ಏರುವ ಕಾಲುವೆಯಂತೆ ಕೊರೆದರೆ, ಕರಗಿದ ನೀರು ಎಲ್ಲೆಂದರಲ್ಲಿ ಹರಿದು ಮಣ್ಣನ್ನು ಕೆದಕದೆ ಒಂದೇ ದಾರಿಯಲ್ಲಿ ಸಾಗುತ್ತದೆ. ಅದರ ಕೆಸರೂ ಬಹುಮಟ್ಟಿಗೆ ತಗ್ಗುತ್ತದೆ.

ಕಾಣದ ಕಳ್ಳನಾದ ಉಪ್ಪಿಗೆ ಈ ಬೇಲಿ ಕೊಳಗಳು ಯಾವ ಲೆಕ್ಕ? ಅದಕ್ಕೆ ಇರುವುದು ಸ್ಥಳದ ಆಯ್ಕೆಯೊಂದೇ. ಮ್ಯಾಸಚೂಸೆಟ್ಸ್ ಸಂಸ್ಥಾನದ ಪರಿಸರ ಇಲಾಖೆಯ ಸೂಚನೆಗಳು ಇದನ್ನು ಬಿಡಿಸಿ ಹೇಳುತ್ತವೆ. ಹೊಳೆ, ಕೆರೆ, ಜೌಗುನೆಲಗಳಲ್ಲಿ ಹಿಮವನ್ನು ಹಾಕಕೂಡದು. ಸಾರ್ವಜನಿಕ ಬಾವಿಗಳಿಗೆ ನೀರೂಡುವ ನೆಲದ ಮೇಲೆ ಹಾಕಕೂಡದು. ಕಸ ಹೂಳಿದ ಗುಂಡಿಗಳ ಮೇಲೂ ಕೂಡದು. ಜಲ್ಲಿ ತೆಗೆದ ಹಳ್ಳಗಳಲ್ಲಿಯೂ ಕೂಡದು, ಏಕೆಂದರೆ ಜಲ್ಲಿಯ ಮೂಲಕ ನೀರು ಸೋಸದೆಯೇ ಅಂತರ್ಜಲವನ್ನು ಸೇರುತ್ತದೆ. ನೀರಿನಿಂದ ದೂರವಾದ, ಎತ್ತರವಾದ, ಮಣ್ಣು ನೀರನ್ನು ಮೆಲ್ಲಗೆ ಹೀರಬಲ್ಲ ನೆಲವೇ ಉತ್ತಮ. ಬೇರಾವ ದಾರಿಯೂ ಉಳಿಯದ ತುರ್ತಿನಲ್ಲಿ ಮಾತ್ರ, ಅನುಮತಿ ಪಡೆದು, ಹರಿವು ಚೆನ್ನಾಗಿರುವ ನೀರಿಗೆ ಸುರಿಯಲು ಎಡೆಯುಂಟು. ಆಗಲೂ ಚಿಪ್ಪುಮೀನು ಬೆಳೆಯುವ ಎಡೆಗಳನ್ನೂ ಉಪ್ಪುಜೌಗುಗಳನ್ನೂ ಬಿಡಬೇಕು.

ಅಂಥ ತುರ್ತು ಬಂದೂ ಬಂದಿತು. ೨೦೧೪-೧೫ರ ಚಳಿಗಾಲದಲ್ಲಿ ಬಾಸ್ಟನ್ ನಗರದಲ್ಲಿ ಒಟ್ಟು ೧೧೦.೬ ಅಂಗುಲ ಹಿಮ ಬಿದ್ದು ಹಿಂದಿನ ದಾಖಲೆಗಳೆಲ್ಲ ಮುರಿದುವು. ಬಂದರಿನ ನೀರು ಕಣ್ಣೆದುರಿಗೇ ಇತ್ತು. ಅದಕ್ಕೇ ಸುರಿಯಿರೆಂದು ಕೆಲವರು, ಕೂಡದೆಂದು ಕೆಲವರು. ಮನೆಯ ಮುಂದೆ ಆಳೆತ್ತರದ ಗೋಡೆ ಎದ್ದಿರುವಾಗ ಮೀನಿನ ಯೋಗಕ್ಷೇಮವನ್ನು ಚಿಂತಿಸುವ ತಾಳ್ಮೆ ಎಲ್ಲರಿಗೂ ಇರಲಾರದು. ಹಿಮದ ಬಹುಭಾಗವನ್ನು ಖಾಲಿ ನಿವೇಶನಗಳಲ್ಲಿ ಗುಡ್ಡೆ ಹಾಕಲಾಯಿತು. ಅಂಥದೊಂದು ಗುಡ್ಡ ೭೫ ಅಡಿಗಳ ಎತ್ತರಕ್ಕೆ ಬೆಳೆದು, ಸುಡುಬೇಸಿಗೆಯಲ್ಲಿಯೂ ಕರಗದೆ ನಿಂತಿತು. ಅದರ ಕೊನೆಯ ತುಣುಕು ಕರಗಿದ್ದು ೨೦೧೫ರ ಜುಲೈ ೧೪ರಂದು. ಕರಗುತ್ತ ಬಂದಂತೆ ಒಳಗಿದ್ದ ಕಸವೆಲ್ಲ ಹೊರಗೆ ಇಣುಕತೊಡಗಿತು. ಬಂದರಿಗೇ ಸುರಿದಿದ್ದರೆ ಆ ಕಸವನ್ನು ಯಾರೂ ಕಾಣುತ್ತಿರಲಿಲ್ಲ. ಅದು ಅಲ್ಲಿರುತ್ತಿತ್ತು, ಅಷ್ಟೆ.

ಕಲ್ಲುಗಣಿಯಲ್ಲಿ ಹಿಮಗಿರಿ

ಮತ್ತೆ ಮಾಂಟ್ರಿಯಲಿಗೆ ಬರೋಣ. ನದಿಯ ದಾರಿ ಮುಚ್ಚಿದ ಮೇಲೆ ಆ ನಗರ ಎರಡು ಉಪಾಯಗಳನ್ನು ಅನುಸರಿಸಿತು. ಒಂದು, ಒಳಚರಂಡಿಯ ದೊಡ್ಡ ಕೊಳವೆಗಳಿಗೆ ಅಲ್ಲಲ್ಲಿ ಬಾಯಿ ತೆರೆದು ಹಿಮವನ್ನು ಅವುಗಳೊಳಕ್ಕೆ ಇಳಿಸುವುದು. ಮನೆಗಳಿಂದ ಬರುವ ಬಚ್ಚಲ ನೀರು ಚಳಿಗಾಲದಲ್ಲಿಯೂ ತಕ್ಕಷ್ಟು ಬೆಚ್ಚಗಿರುತ್ತದೆ. ಬೇರೆ ಸೌದೆಯ ಖರ್ಚಿಲ್ಲದೆ ಅದೇ ಹಿಮವನ್ನು ಕರಗಿಸಿ ಶುದ್ಧೀಕರಣ ಸ್ಥಾವರಕ್ಕೆ ಒಯ್ಯುತ್ತದೆ. ಎರಡನೆಯದು, ನೆಲದ ಮೇಲಿನ ತಾಣಗಳು. ಅವುಗಳಲ್ಲಿ ಹಿರಿಯದು ಸೇಂಟ್ ಮಿಶೆಲ್ ಬಡಾವಣೆಯಲ್ಲಿರುವ ಫ್ರಾಂಕಾನ್ ಎಂಬ ಹಳೆಯ ಸುಣ್ಣಕಲ್ಲಿನ ಗಣಿ. ನಗರದ ಕಟ್ಟಡಗಳಿಗೆ ಕಲ್ಲು ಕೊಟ್ಟು ಬರಿದಾದ ಆ ಆಳವಾದ ಕುಳಿ ಈಗ ನಗರದ ಹಿಮದಲ್ಲಿ ಬಹು ದೊಡ್ಡ ಪಾಲನ್ನು ನುಂಗುತ್ತದೆ. ಲಾರಿಗಳು ಅಂಚಿಗೆ ಬಂದು ಸುರಿದ ಹಿಮ ಕಡಿದಾದ ಬಂಡೆಯ ಮೇಲಿಂದ ಕೆಳಕ್ಕೆ ಧುಮುಕುತ್ತದೆ. ಆ ರಾಶಿ ಎಷ್ಟು ದೊಡ್ಡದೆಂದರೆ, ಆಗಸ್ಟ್ ತಿಂಗಳಿನ ಬಿಸಿಲಿನಲ್ಲಿ ಊರಿನ ಜನ ಬೆವರೊರೆಸಿಕೊಳ್ಳುವಾಗಲೂ ಗಣಿಯ ತಳದಲ್ಲಿ ಕಪ್ಪಡರಿದ ಹಿಮಗಿರಿ ಕರಗುತ್ತಲೇ ಇರುತ್ತದೆ. ಜಲ್ಲಿಯ ಹಳ್ಳಕ್ಕೂ ಈ ಗಣಿಗೂ ಇರುವ ವ್ಯತ್ಯಾಸ ಗಮನಾರ್ಹ. ಇಲ್ಲಿ ಕರಗಿದ ನೀರನ್ನು ನೆಲಕ್ಕೆ ಬಿಡದೆ ಪಂಪು ಮಾಡಿ ಒಳಚರಂಡಿಗೆ ಕಳುಹಿಸುತ್ತಾರೆ.

ಉಪಾಯ ಚೆನ್ನಾಗಿಯೇ ಇದೆ. ಆದರೆ ಅದಕ್ಕೂ ಬೆಲೆ ತೆರುವವರಿದ್ದಾರೆ. ಅದೇ ಬಡಾವಣೆಯ ಮೀರಾನ್ ಎಂಬ ಇನ್ನೊಂದು ಕಲ್ಲುಗಣಿ ಬಹುಕಾಲ ನಗರದ ಕಸದ ಗುಂಡಿಯಾಗಿದ್ದಿತು. ಈಗ ಅದನ್ನು ಮುಚ್ಚಿ ವಿಶಾಲವಾದ ಉದ್ಯಾನವಾಗಿ ಮಾಡುತ್ತ ಬಂದಿದ್ದಾರೆ. ಊರಿನ ಕಸವೂ ಊರಿನ ಹಿಮವೂ ಒಂದೇ ಬಡಾವಣೆಯ ಪಾಲಿಗೆ ಬಂದುವು. ಚಳಿಗಾಲದ ರಾತ್ರಿಗಳಲ್ಲಿ ಲಾರಿಗಳ ಸಾಲು ಹಾದುಹೋಗುವುದು ಆ ಮನೆಗಳ ಮುಂದೆಯೇ. ನದಿಯನ್ನು ಉಳಿಸಿದ ಪುಣ್ಯ ಇಡೀ ನಗರಕ್ಕೆ ಸಂದರೂ ಅದರ ಸದ್ದು ಕೆಲವರ ನಿದ್ದೆಗೆ ಮಾತ್ರ ಸೇರುತ್ತದೆ.

ಬೇರೆ ಊರು, ಬೇರೆ ಉಪಾಯ

ಕಡಲ ತೀರದ ಊರುಗಳಿಗೆ ಉಪ್ಪಿನ ಭಯವಿಲ್ಲ, ಕಡಲೇ ಉಪ್ಪು. ಅಲ್ಲಿ ಕಾಡುವುದು ಲೋಹ, ಎಣ್ಣೆ, ಪ್ಲಾಸ್ಟಿಕ್. ಹಿಂದೆ ಫ್ಯೋರ್ಡಿನ ನೀರಿಗೇ ಹಿಮ ಸುರಿಯುತ್ತಿದ್ದ ನಾರ್ವೆಯ ಆಸ್ಲೋ ನಗರದಲ್ಲಿ ಬಳಿಕ ತೇಲುವ ಸ್ಥಾವರವೊಂದು ಬಂದಿತು. ಸಮುದ್ರದ ನೀರಿನಿಂದಲೇ ಹಿಮವನ್ನು ಕರಗಿಸಿ, ಮರಳು ಕಸಗಳನ್ನು ಬೇರ್ಪಡಿಸಿ, ಅನಂತರ ನೀರನ್ನು ಕಡಲಿಗೆ ಬಿಡುವ ಏರ್ಪಾಡು ಅದು.

ಜಪಾನಿನ ಸಪ್ಪೋರೊ ನಗರದಲ್ಲಿ ಸುಮಾರು ಇಪ್ಪತ್ತು ಲಕ್ಷ ಜನರಿದ್ದಾರೆ. ಒಂದು ಚಳಿಗಾಲದಲ್ಲಿ ಬೀಳುವ ಹಿಮ ಸುಮಾರು ಐದು ಮೀಟರು. ಅಲ್ಲಿ ಹಿಮ ಕರಗಿಸುವ ತೊಟ್ಟಿಗಳಿವೆ. ರಸ್ತೆಯ ಅಡಿಯಲ್ಲಿ ನೀರು ಹರಿಯುವ ಕಾಲುವೆಗಳಿವೆ, ಮನೆಯವರು ಮುಚ್ಚಳ ತೆಗೆದು ಅಂಗಳದ ಹಿಮವನ್ನು ಅದರೊಳಕ್ಕೆ ತಳ್ಳಬಹುದು. ಅದೇ ದೇಶದ ನಾಗಾವೊಕ ಎಂಬ ಊರಿನವರು ರಸ್ತೆಯ ನಡುವೆ ಕೊಳವೆ ಹೂಳಿ, ಭೂಮಿಯ ಒಳಗಿನ ಬೆಚ್ಚನೆಯ ನೀರನ್ನು ಚಿಮ್ಮಿಸಿ ಹಿಮ ಕರಗಿಸುವ ಕ್ರಮವನ್ನು ಆರಂಭಿಸಿದರು. ಉಪ್ಪಿನ ಗೊಡವೆಯೇ ಬೇಡವಾಯಿತು. ಆದರೆ ಎಲ್ಲ ಊರುಗಳೂ ಅದನ್ನೇ ಅನುಸರಿಸಿ ಅಂತರ್ಜಲವನ್ನು ಮಿತಿಮೀರಿ ಎತ್ತಿದಾಗ ಕೆಲವೆಡೆ ನೆಲವೇ ಕುಸಿಯತೊಡಗಿತು. ನೀರನ್ನು ಕೆಡಿಸದಿದ್ದರೂ ನೀರನ್ನು ಮುಗಿಸುವುದುಂಟೆಂದು ಆಗ ತಿಳಿದುಬಂದಿತು.

ಎಲ್ಲಕ್ಕಿಂತ ಮನಸ್ಸಿಗೆ ಹಿಡಿಸುವುದು ಸ್ವೀಡನ್ ದೇಶದ ಸುಂಡ್ಸ್‌ವಾಲ್ ಪಟ್ಟಣದ ಉಪಾಯ. ಅಲ್ಲಿಯ ಆಸ್ಪತ್ರೆಯ ಬಳಿ ಒಂದು ದೊಡ್ಡ ಕುಳಿಯಲ್ಲಿ ಬೀದಿಯ ಹಿಮವನ್ನು ತುಂಬಿ, ಮೇಲೆ ಮರದ ಚಕ್ಕೆಗಳ ಹೊದಿಕೆ ಹಾಸುತ್ತಾರೆ. ಬೇಸಿಗೆಯಲ್ಲಿ ಅದು ಮೆಲ್ಲಮೆಲ್ಲನೆ ಕರಗಿದಾಗ ಬರುವ ತಣ್ಣೀರನ್ನು ಸೋಸಿ, ಎಣ್ಣೆ ಮರಳುಗಳನ್ನು ಬೇರ್ಪಡಿಸಿ, ಅದರ ತಂಪಿನಿಂದ ಆಸ್ಪತ್ರೆಯನ್ನು ತಣಿಸುತ್ತಾರೆ. ೨೦೦೦ದಿಂದ ಇದು ನಡೆದುಬಂದಿದೆ. ಚಳಿಗಾಲದಲ್ಲಿ ಆಂಬುಲೆನ್ಸಿಗೆ ಅಡ್ಡ ಬಂದ ಹಿಮವೇ ಬೇಸಿಗೆಯಲ್ಲಿ ರೋಗಿಗಳಿಗೆ ತಂಪೆರೆಯುತ್ತದೆ!

ಮೂಲದಲ್ಲಿಯೇ ಮಿತ

ಇಷ್ಟೆಲ್ಲ ಉಪಾಯಗಳನ್ನು ಎಣಿಸಿದ ಮೇಲೂ ಒಂದು ಮಾತು ಉಳಿದೇ ಉಳಿಯುತ್ತದೆ. ಒಮ್ಮೆ ಎರಚಿದ ಉಪ್ಪನ್ನು ಯಾವ ಬೇಲಿಯೂ ಯಾವ ಕೊಳವೂ ಹಿಂದಕ್ಕೆ ಕೊಡಲಾರದು. ಆದುದರಿಂದ ಎರಚುವ ಕೈಯಲ್ಲಿಯೇ ಮಿತವಿರಬೇಕು. ಬಿರುಗಾಳಿ ಬರುವ ಮುನ್ನವೇ ರಸ್ತೆಗೆ ಉಪ್ಪುನೀರನ್ನು ಸಿಂಪಡಿಸಿದರೆ ಹಿಮ ನೆಲಕ್ಕೆ ಕಚ್ಚಿಕೊಳ್ಳುವುದಿಲ್ಲ. ಬಿದ್ದ ಮೇಲೆ ಒಣ ಉಪ್ಪು ಹಾಕುವುದಕ್ಕಿಂತ ಇದರಲ್ಲಿ ಉಪ್ಪಿನ ಖರ್ಚು ಕಡಿಮೆ. ಚಳಿ ತೀರ ಹೆಚ್ಚಿ, ಸೊನ್ನೆಗಿಂತ ಸುಮಾರು ಹತ್ತು ಡಿಗ್ರಿ ಕೆಳಗಿಳಿದಾಗ ಸಾಮಾನ್ಯ ಉಪ್ಪು ಹೆಚ್ಚು ಕೆಲಸ ಮಾಡದು. ಆಗ ಹಾಕಿದ್ದೆಲ್ಲ ದಂಡ. ಬೀಟ್ ಗೆಡ್ಡೆಯ ರಸವನ್ನು ಬೆರೆಸುವವರೂ ಇದ್ದಾರೆ. ಆದರೆ ಅಂಥ ಸಾವಯವ ವಸ್ತು ಹೊಳೆಯಲ್ಲಿ ಕೊಳೆಯುವಾಗ ಮೀನಿನ ಪಾಲಿನ ಆಮ್ಲಜನಕವನ್ನು ಕಸಿಯುತ್ತದೆ.

ಮನೆಯವರ ಪಾತ್ರವೂ ಸಣ್ಣದಲ್ಲ. ಮೊದಲು ಸಲಿಕೆ, ಆಮೇಲೆ ಉಪ್ಪು ಎಂಬುದೇ ತಿಳಿದವರ ಉಪದೇಶ. ಇಪ್ಪತ್ತಡಿ ಉದ್ದದ ಕಾರುಹಾದಿಗೆ ಒಂದು ಕಾಫಿ ಲೋಟದಷ್ಟು ಉಪ್ಪು ಸಾಕೆಂದು ಅವರ ಲೆಕ್ಕ. ಚೀಲವನ್ನೇ ಬೋರಲು ಹಾಕಬೇಕಾದುದಿಲ್ಲ. ಅಂಗಡಿಗಳ ಮುಂದಿನ ಬಯಲುಗಳಲ್ಲಿ ಗುತ್ತಿಗೆದಾರರು ಅಗತ್ಯಕ್ಕಿಂತ ಹೆಚ್ಚಾಗಿ ಸುರಿಯುವುದಕ್ಕೆ ಕಾರಣ ಅಜ್ಞಾನವಲ್ಲ, ಭಯ. ಯಾರಾದರೂ ಜಾರಿ ಬಿದ್ದು ಮೊಕದ್ದಮೆ ಹೂಡಿದರೆ ಗತಿಯೇನೆಂಬ ಭಯ. ಇದನ್ನರಿತ ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನವು ೨೦೧೩ರಿಂದ ಹೊಸ ಏರ್ಪಾಡೊಂದನ್ನು ಆರಂಭಿಸಿತು. ಮಿತವಾಗಿ ಉಪ್ಪು ಬಳಸುವ ತರಬೇತಿ ಪಡೆದು ಅದರಂತೆ ನಡೆಯುವ ಗುತ್ತಿಗೆದಾರರಿಗೆ ಇಂಥ ಮೊಕದ್ದಮೆಗಳಿಂದ ಅದು ಸ್ವಲ್ಪಮಟ್ಟಿನ ರಕ್ಷಣೆ ಕೊಟ್ಟಿತು. ಉಪ್ಪನ್ನು ರಸ್ತೆಗೆ ಮೊದಲು ಹರಡಿದ ಸಂಸ್ಥಾನವೇ ಅದನ್ನು ಹಿಡಿತಕ್ಕೆ ತರುವುದರಲ್ಲಿಯೂ ಮುಂದಾದುದು ಮೆಚ್ಚತಕ್ಕ ಸಂಗತಿ.

ಮಿತದಿಂದ ಫಲವುಂಟೇ ಎಂದು ಕೇಳುವವರಿಗೆ ಇರಾಂಡಿಕ್ವಾಯ್ಟ್ ಕೊಲ್ಲಿಯೇ ಉತ್ತರ. ೧೯೭೪ರಿಂದಾಚೆಗೆ ಆ ಕೊಲ್ಲಿಯ ಸುತ್ತಣ ಪ್ರದೇಶದಲ್ಲಿ ಉಪ್ಪಿನ ಬಳಕೆಯನ್ನು ತಗ್ಗಿಸಿದರು.  ಹತ್ತು ವರ್ಷಗಳ ಅಳತೆಗಳನ್ನು ಹೋಲಿಸಿ ನೋಡಿದಾಗ ನೀರಿನ ಕ್ಲೋರೈಡ್ ಇಳಿದಿತ್ತು. ತಳದ ಭಾರವಾದ ಪದರ ಸಡಿಲವಾಗಿ, ಕೊಲ್ಲಿ ಮತ್ತೆ ಮೊದಲಿನಂತೆ ಮಗುಚಿಕೊಳ್ಳತೊಡಗಿತ್ತು. ನೀರಿಗೆ ನೆನಪು ದೀರ್ಘ. ಹಟ ಮಾತ್ರ ಇಲ್ಲ. ಮನುಷ್ಯ ತನ್ನ ಕೈಯನ್ನು ಸ್ವಲ್ಪ ಬಿಗಿಹಿಡಿದರೆ, ಅದು ತನ್ನ ಸಿಹಿಯನ್ನು ತಾನೇ ಮರಳಿ ಪಡೆದುಕೊಳ್ಳಬಲ್ಲುದು.